ನೈಟ್ ಆಗಬೇಕೆಂದವರಿಗೆ 3.5ರ ಡಿಎಂ ಗೈಡ್: ಕೊಳ್ಳಬಹುದೇ?

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ 3.5ನೇ ಆವೃತ್ತಿಯಲ್ಲಿ, ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಗಾಗಿ ಬರೆದ ಡಂಜನ್ ಮಾಸ್ಟರ್ಸ್ ಗೈಡ್ 2003ರಲ್ಲಿ ಬಂತು. 320 ಪುಟ, ಗಟ್ಟಿ ರಟ್ಟು, ಲೋಕಲ್ ಟ್ರೇನಿನಲ್ಲಿ ಬೆನ್ನಿಗೆ ಹಾಕಿಕೊಂಡು ನಿಂತರೆ ಪಕ್ಕದವರ ಬೈಗುಳ ಗ್ಯಾರಂಟಿ. 2012ರಲ್ಲಿ ಹೊಸ ಹೊದಿಕೆಯೊಂದಿಗೆ ಪ್ರೀಮಿಯಂ ಮುದ್ರಣವೂ ಬಂತು. ಈಗ ಮುಂಬೈಯಲ್ಲಿ ಇದು ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಪ್ರತಿಯಾಗಿ, ಇಲ್ಲವೇ ಡಿಎಮ್ಸ್ ಗಿಲ್ಡ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಪಿಡಿಎಫ್ ಆಗಿ. ಠಾಣೆ, ಡೊಂಬಿವಲಿ, ಮಾಟುಂಗ ಕಡೆ ಮನೆಮನೆಗಳಲ್ಲಿ ಕನ್ನಡದಲ್ಲೇ ಆಡುವ ಗುಂಪುಗಳಿಗೆ ಇಂದಿಗೂ 3.5 ಇಷ್ಟ, ಅದರಲ್ಲೂ ನೈಟ್, ಅಂದರೆ ಕವಚ ತೊಟ್ಟ ವೀರಯೋಧ, ಆಗುವ ಆಸೆಯವರಿಗೆ. ಹಾಗಾಗಿ ಈ ವಿಮರ್ಶೆ ಇಡೀ ಪುಸ್ತಕದ್ದಲ್ಲ. ಆರನೇ ಅಧ್ಯಾಯದ ಪ್ರೆಸ್ಟೀಜ್ ಕ್ಲಾಸ್‌ಗಳ, ಅಂದರೆ ಅರ್ಹತೆ ಗಳಿಸಿದ ಮೇಲೆ ಸಿಗುವ ವಿಶೇಷ ವೃತ್ತಿಗಳ, ಪೈಕಿ ನೈಟ್‌ಗಳಿಗೆ ಸಂಬಂಧಿಸಿದ ಪುಟಗಳದ್ದು ಮಾತ್ರ.

ನಮ್ಮ ತೀರ್ಪು ಮೊದಲೇ ಹೇಳಿಬಿಡೋಣ. ಡಿಎಂ ಆಗುವವರಿಗೆ ಪುಸ್ತಕ ಬೇಕೇ ಬೇಕು. ಬರೀ ಆಟಗಾರರಾಗಿದ್ದರೆ ಕಾಸು ಕೊಡುವ ಅಗತ್ಯವಿಲ್ಲ. ಪುಸ್ತಕದ ದೊಡ್ಡ ಕೊರತೆ ಎಂದರೆ, ಅರ್ಹತೆಯ ಷರತ್ತುಗಳನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಆ ಷರತ್ತು ಪೂರೈಸುವ ಕೆಲಸ ಯಾವಾಗ ಶುರುವಾಗಬೇಕು ಎಂಬುದನ್ನು ಎಲ್ಲೂ ಬಾಯಿಬಿಡುವುದಿಲ್ಲ. ಅದು ಶುರುವಾಗಬೇಕಾದದ್ದು ಒಂದನೇ ಲೆವೆಲ್‌ನಲ್ಲಿ. ಆರನೇ ಲೆವೆಲ್‌ಗೆ ಬಂದು ಪುಟ ತಿರುವಿದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಪ್ರೆಸ್ಟೀಜ್ ಕ್ಲಾಸ್ ಎಂದರೇನು ಎಂದು ಹೊಸಬರಿಗೆ ತಿಳಿಸಲು ಯಕ್ಷಗಾನದಷ್ಟು ಒಳ್ಳೆಯ ಉದಾಹರಣೆ ಇಲ್ಲ. ಮೇಳಕ್ಕೆ ಸೇರಿದ ಹುಡುಗ ಮೊದಲ ದಿನವೇ ಕಿರೀಟ ವೇಷ ಕಟ್ಟುವುದಿಲ್ಲ. ಕೋಡಂಗಿ, ಬಾಲಗೋಪಾಲ, ಪುಂಡುವೇಷ ಎಲ್ಲ ದಾಟಿ ಬರಬೇಕು. ಇಲ್ಲೂ ಅಷ್ಟೇ, ಫೈಟರ್ (ಯೋಧ) ಆಗಿಯೋ ವಿಝಾರ್ಡ್ (ಮಾಂತ್ರಿಕ) ಆಗಿಯೋ ಕೆಲವು ಲೆವೆಲ್ ಆಡಿ, ಕೇಳಿದ ಅಂಕಿಗಳನ್ನು ಮುಟ್ಟಿದ ಮೇಲೆ ಮುಂದಿನ ಲೆವೆಲ್‌ನಲ್ಲಿ ಆ ಕ್ಲಾಸ್ ತೆಗೆದುಕೊಳ್ಳಬಹುದು. "ಮುಂದಿನ ಲೆವೆಲ್‌ನಲ್ಲಿ" ಎಂಬುದಕ್ಕೆ ಗೆರೆ ಎಳೆದುಕೊಳ್ಳಿ. ಆರನೇ ಲೆವೆಲ್‌ನಲ್ಲಿ ಸಿಗುವ ಫೀಟ್‌ನಿಂದ, ಅಂದರೆ ವಿಶೇಷ ಪಟ್ಟಿನಿಂದ, ಅರ್ಹತೆ ಬಂದರೆ, ಪ್ರೆಸ್ಟೀಜ್ ಕ್ಲಾಸಿನ ಮೊದಲ ಲೆವೆಲ್ ಏಳರಲ್ಲಿ. ಅದೇ ಏಟಿಗೆ ಎರಡೂ ಸಿಗುವುದಿಲ್ಲ. ಇನ್ನೊಂದು, ಇವೆಲ್ಲ ಐಚ್ಛಿಕ, ಡಿಎಂ ಒಪ್ಪಿದರೆ ಮಾತ್ರ ಎಂದು ಪುಸ್ತಕವೇ ಹೇಳುತ್ತದೆ. ಪಾತ್ರದ ಶೀಟಿನಲ್ಲಿ ಅಂಕಿ ಸರಿಯಿದೆ ಎಂದು ಮೇಜು ಗುದ್ದಿ ಪ್ರಯೋಜನವಿಲ್ಲ.

ಈ ಪುಸ್ತಕದಲ್ಲಿ ನೈಟ್ ಎನ್ನಬಹುದಾದವು ಎರಡೇ: ಎಲ್ಡ್ರಿಚ್ ನೈಟ್ ಮತ್ತು ಬ್ಲ್ಯಾಕ್‌ಗಾರ್ಡ್.

ಎಲ್ಡ್ರಿಚ್ ನೈಟ್‌ಗೆ ಷರತ್ತು ಎರಡು. ಎಲ್ಲ ಮಾರ್ಷಲ್ (ಯುದ್ಧದ) ಆಯುಧಗಳಲ್ಲಿ ಪ್ರಾವೀಣ್ಯ ಇರಬೇಕು, ಮೂರನೇ ಮಟ್ಟದ ಆರ್ಕೇನ್, ಅಂದರೆ ಮಾಂತ್ರಿಕರ, ಮಂತ್ರ ಹಾಕಲು ಬರಬೇಕು. ಫೀಟ್ ಇಲ್ಲ, ಸ್ಕಿಲ್ ಇಲ್ಲ. ಆದರೂ ಇಲ್ಲಿ ಎಡವುವವರು ಹಲವರು, ಕಾರಣ "ಎಲ್ಲ" ಎಂಬ ಪದ. ಎಲ್ಫ್ ವಿಝಾರ್ಡ್‌ಗೆ ಜಾತಿಯಿಂದಲೇ (ಎಲ್ಫ್, ಡ್ವಾರ್ಫ್‌ನಂಥ ಕುಲ) ಲಾಂಗ್‌ಸ್ವೋರ್ಡ್, ರೇಪಿಯರ್ ಮತ್ತು ಬಿಲ್ಲುಗಳು ಬರುತ್ತವೆ, ಆದರೆ ಅದು ಎಲ್ಲ ಅಲ್ಲ. ಮಾರ್ಷಲ್ ವೆಪನ್ ಪ್ರೊಫಿಷಿಯನ್ಸಿ ಫೀಟ್ ಒಂದು ಸಲಕ್ಕೆ ಒಂದೇ ಆಯುಧ ಕೊಡುತ್ತದೆ. ಆದ್ದರಿಂದ ಫೈಟರ್, ಪ್ಯಾಲಡಿನ್ (ಧರ್ಮಯೋಧ), ರೇಂಜರ್, ಬಾರ್ಬೇರಿಯನ್ ಇವುಗಳಲ್ಲಿ ಒಂದರ ಒಂದು ಲೆವೆಲ್ ತೆಗೆದುಕೊಳ್ಳುವುದೇ ನೇರ ದಾರಿ.

ಲೆಕ್ಕ ಹೀಗೆ. ವಿಝಾರ್ಡ್‌ಗೆ ಮೂರನೇ ಮಟ್ಟದ ಮಂತ್ರ ಐದನೇ ಲೆವೆಲ್‌ನಲ್ಲಿ ಸಿಗುತ್ತದೆ. ಫೈಟರ್ 1, ವಿಝಾರ್ಡ್ 5 ಮುಗಿಸಿದರೆ ಏಳನೇ ಲೆವೆಲ್‌ಗೆ ಪ್ರವೇಶ. ಸಾರ್ಸರರ್‌ಗೆ ಅದೇ ಮಂತ್ರ ಆರರಲ್ಲಿ, ಹಾಗಾಗಿ ಪ್ರವೇಶ ಎಂಟಕ್ಕೆ. ಫೈಟರ್ ಲೆವೆಲ್ ಮೊದಲೇ ತೆಗೆದುಕೊಳ್ಳುವುದು ಜಾಣತನ: ಒಂದನೇ ಲೆವೆಲ್‌ನಲ್ಲಿ ಹಿಟ್ ಪಾಯಿಂಟ್, ಅಂದರೆ ಪ್ರಾಣದ ಅಂಕ, ಪೂರ್ತಿ 10 ಸಿಗುತ್ತದೆ, ವಿಝಾರ್ಡ್ ಆಗಿ ಶುರು ಮಾಡಿದರೆ 4. ಕೈಯಲ್ಲಿರುವ ಚಿನ್ನವೂ ಸರಾಸರಿ 150, ವಿಝಾರ್ಡ್‌ಗೆ ಅದರ ಅರ್ಧ.

ಪುಸ್ತಕ ಹೇಳದ ಇನ್ನೊಂದು ಲೆಕ್ಕ ಇಪ್ಪತ್ತನೇ ಲೆವೆಲ್‌ನದು. ಎಲ್ಡ್ರಿಚ್ ನೈಟ್‌ನ ಹತ್ತು ಲೆವೆಲ್‌ಗಳಲ್ಲಿ ಮೊದಲನೆಯದು ಮಂತ್ರಶಕ್ತಿ ಏರಿಸುವುದಿಲ್ಲ, ಬದಲಿಗೆ ಒಂದು ಬೋನಸ್ ಫೀಟ್ ಕೊಡುತ್ತದೆ. ಉಳಿದ ಒಂಬತ್ತು ಏರಿಸುತ್ತವೆ. ಫೈಟರ್ 1, ವಿಝಾರ್ಡ್ 9, ಎಲ್ಡ್ರಿಚ್ ನೈಟ್ 10 ಎಂದರೆ ಬೇಸ್ ಅಟ್ಯಾಕ್, ಅಂದರೆ ಏಟು ತಾಗಿಸುವ ಮೂಲ ಅಂಕಿ, +15ಕ್ಕೆ ನಿಲ್ಲುತ್ತದೆ, ಒಂದು ಸುತ್ತಿನ ನಾಲ್ಕನೇ ಏಟು ಒಂದು ಅಂಕದಲ್ಲಿ ತಪ್ಪುತ್ತದೆ. ಫೈಟರ್ 2, ವಿಝಾರ್ಡ್ 8, ಎಲ್ಡ್ರಿಚ್ ನೈಟ್ 10 ಮಾಡಿದರೆ +16, ನಾಲ್ಕು ಏಟು. ಮಂತ್ರದ ಮಟ್ಟವೂ ಹದಿನೇಳನೇ ಲೆವೆಲ್ ವಿಝಾರ್ಡ್‌ನಷ್ಟು, ಅಂದರೆ ಒಂಬತ್ತನೇ ಮಟ್ಟದ ಮಂತ್ರ ಕೈಬಿಡುವುದಿಲ್ಲ. ಆ ಎರಡನೇ ಫೈಟರ್ ಲೆವೆಲ್ ಪ್ರವೇಶಕ್ಕೆ ಮುಂಚೆ ಬೇಡ, ಕೊನೆಗೆ ತೆಗೆದುಕೊಳ್ಳಿ.

ರಕ್ಷಾಕವಚದ ವಿಷಯದಲ್ಲಿ ನೈಟ್ ಎಂಬ ಹೆಸರು ಮೋಸ. ಈ ಕ್ಲಾಸ್ ಆರ್ಕೇನ್ ಮಂತ್ರ ಕೈಕೊಡುವ ಸಾಧ್ಯತೆಯನ್ನು ಒಂದು ಶೇಕಡಾವೂ ಇಳಿಸುವುದಿಲ್ಲ. ಫುಲ್ ಪ್ಲೇಟ್ ತೊಟ್ಟರೆ ಶೇ. 35. ಮಿಥ್ರಲ್ ಶರ್ಟ್ ತೊಟ್ಟರೆ ಶೇ. 10, ಬೆಲೆ 1,100 ಚಿನ್ನದ ನಾಣ್ಯ. ಚಿತ್ರದಲ್ಲಿ ಕಾಣುವಂಥ ಉಕ್ಕಿನ ಮನುಷ್ಯ ಬೇಕೆಂದರೆ ಕೈ ಆಡಿಸದೆ ಮಂತ್ರ ಹಾಕುವ ಸ್ಟಿಲ್ ಸ್ಪೆಲ್ ಫೀಟ್ ಹಾಕಿ, ಪ್ರತಿ ಮಂತ್ರವನ್ನೂ ಒಂದು ಮಟ್ಟ ಮೇಲಿನ ಸ್ಥಾನದಲ್ಲಿ ಸಿದ್ಧಪಡಿಸಿಕೊಳ್ಳಬೇಕು. ದುಬಾರಿ ಬಾಬತ್ತು.

ಜಾತಿ ಆರಿಸುವಾಗ ಒಂದು ಎಚ್ಚರಿಕೆ. ಎರಡು ಕ್ಲಾಸ್‌ಗಳ ನಡುವೆ ಒಂದಕ್ಕಿಂತ ಹೆಚ್ಚು ಲೆವೆಲ್ ಅಂತರ ಬಂದರೆ ಗಳಿಸುವ ಎಕ್ಸ್‌ಪಿ, ಅಂದರೆ ಲೆವೆಲ್ ಏರಿಸುವ ಅನುಭವದ ಅಂಕಗಳಲ್ಲಿ, ಶೇ. 20 ಕಡಿತ. ಆ ಜಾತಿಗೆ ಒಗ್ಗಿದ ಫೇವರ್ಡ್ ಕ್ಲಾಸ್ ಲೆಕ್ಕಕ್ಕಿಲ್ಲ, ಪ್ರೆಸ್ಟೀಜ್ ಕ್ಲಾಸೂ ಇಲ್ಲ. ಫೈಟರ್ 1, ವಿಝಾರ್ಡ್ 5 ಎಂಬ ಜೋಡಿ ಮನುಷ್ಯ, ಹಾಫ್-ಎಲ್ಫ್, ಎಲ್ಫ್, ಡ್ವಾರ್ಫ್ ನಾಲ್ವರಿಗೂ ಸುರಕ್ಷಿತ. ಹಾಫ್‌ಲಿಂಗ್, ನೋಮ್, ಹಾಫ್-ಆರ್ಕ್ ಆದರೆ ಕಡಿತ ತಪ್ಪದು. ಈ ನಿಯಮ ಇರುವುದು ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ. ಡಿಎಂ ಗೈಡ್ ಮಾತ್ರ ಓದಿದವರಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಬ್ಲ್ಯಾಕ್‌ಗಾರ್ಡ್. ಬಣ್ಣದ ವೇಷ ಎನ್ನಿ. ಷರತ್ತುಗಳ ಪಟ್ಟಿ ಇಡೀ ಅಧ್ಯಾಯದಲ್ಲೇ ಮಜವಾದದ್ದು: ದುಷ್ಟ ಸ್ವಭಾವ, ಬೇಸ್ ಅಟ್ಯಾಕ್ +6, ಹೈಡ್ (ಅಡಗುವ) ಸ್ಕಿಲ್ 5 ರ‍್ಯಾಂಕ್, ಧರ್ಮಜ್ಞಾನ ಅಂದರೆ ನಾಲೆಜ್ ರಿಲಿಜನ್ 2 ರ‍್ಯಾಂಕ್, ಕ್ಲೀವ್ ಮತ್ತು ಇಂಪ್ರೂವ್ಡ್ ಸಂಡರ್ ಫೀಟ್‌ಗಳು. ಇದರ ಮೇಲೆ, ತಾನೋ ಬೇರೆಯವರೋ ಕರೆಸಿದ ದುಷ್ಟ ಔಟ್‌ಸೈಡರ್ (ಬೇರೆ ಲೋಕದ ಜೀವಿ) ಒಂದರ ಜತೆ ಜಗಳವಿಲ್ಲದೆ ಭೇಟಿಯಾಗಿರಬೇಕು.

ಫೀಟ್ ಎರಡು ಎಂದು ಕಂಡರೂ ಲೆಕ್ಕಕ್ಕೆ ಮೂರು. ಕ್ಲೀವ್‌ಗೂ ಇಂಪ್ರೂವ್ಡ್ ಸಂಡರ್‌ಗೂ ಪವರ್ ಅಟ್ಯಾಕ್ ಮೊದಲೇ ಇರಬೇಕು, ಪವರ್ ಅಟ್ಯಾಕ್‌ಗೆ ಸ್ಟ್ರೆಂತ್ 13. ಫೈಟರ್‌ಗೆ ಬೋನಸ್ ಫೀಟ್ ಇರುವುದರಿಂದ ಚಿಂತೆಯಿಲ್ಲ. ಮನುಷ್ಯನಲ್ಲದ ಪ್ಯಾಲಡಿನ್‌ಗೆ ಆರನೇ ಲೆವೆಲ್‌ವರೆಗೆ ಸಿಗುವುದೇ ಮೂರು ಫೀಟ್, ಮೂರೂ ಇದಕ್ಕೇ ಹೋಗುತ್ತವೆ. ಒಂದನೇ ಲೆವೆಲ್‌ನಲ್ಲಿ ಆಸೆಪಟ್ಟು ವೆಪನ್ ಫೋಕಸ್ ತೆಗೆದುಕೊಂಡವನಿಗೆ ಒಂಬತ್ತನೇ ಲೆವೆಲ್‌ವರೆಗೆ ಬಾಗಿಲು ಮುಚ್ಚಿತು.

ನಿಜವಾಗಿ ಕಾಲಿಗೆ ತೊಡರುವುದು ಹೈಡ್. ಫುಲ್ ಪ್ಲೇಟ್ ತೊಟ್ಟು −6 ದಂಡದೊಂದಿಗೆ ಬಚ್ಚಿಟ್ಟುಕೊಳ್ಳುವ ಯೋಧನಿಗೆ ಈ ಸ್ಕಿಲ್ ಏಕೆ ಎಂದು ನಗು ಬರುವುದು ಸಹಜ. ಮುಂದೆ ಇವನಿಗೆ ಮರೆಯಿಂದ ಹೊಡೆಯುವ ಸ್ನೀಕ್ ಅಟ್ಯಾಕ್ ಸಿಗುತ್ತದೆ, ಅದಕ್ಕೆ. ಫೈಟರ್‌ಗೂ ಪ್ಯಾಲಡಿನ್‌ಗೂ ಹೈಡ್ ಕ್ರಾಸ್-ಕ್ಲಾಸ್, ಅಂದರೆ ತಮ್ಮ ಕ್ಲಾಸಿನದಲ್ಲದ, ಸ್ಕಿಲ್. ಎರಡು ಪಾಯಿಂಟ್ ಕೊಟ್ಟರೆ ಒಂದು ರ‍್ಯಾಂಕ್, ಗರಿಷ್ಠ ಮಿತಿ ಲೆವೆಲ್‌ಗೆ ಮೂರು ಕೂಡಿಸಿ ಅರ್ಧ ಮಾಡಿದಷ್ಟು. ಆರನೇ ಲೆವೆಲ್‌ನಲ್ಲಿ ಮಿತಿ 4.5. ಬೇಸ್ ಅಟ್ಯಾಕ್ +6 ಆಗಿದ್ದರೂ ಅರ್ಧ ರ‍್ಯಾಂಕ್ ಕಡಿಮೆ ಬಿತ್ತೆಂದು ಇನ್ನೊಂದು ಲೆವೆಲ್ ಕಾಯಬೇಕು. ಶುದ್ಧ ಫೈಟರ್ ಏಳು ಮುಗಿಸಿ ಎಂಟನೇ ಲೆವೆಲ್‌ನಲ್ಲಿ ಒಳಗೆ ಬರುತ್ತಾನೆ.

ಪಾಯಿಂಟ್‌ಗಳ ಖರ್ಚು ನೋಡಿ. ಹೈಡ್‌ಗೆ 10, ಧರ್ಮಜ್ಞಾನ ಫೈಟರ್‌ಗೆ ಕ್ರಾಸ್-ಕ್ಲಾಸ್ ಆದ್ದರಿಂದ 4, ಒಟ್ಟು 14. ಪ್ಯಾಲಡಿನ್‌ಗೆ 12. ಇಂಟೆಲಿಜೆನ್ಸ್ 10 ಇರುವ ಫೈಟರ್ ಏಳನೇ ಲೆವೆಲ್‌ಗೆ 20 ಪಾಯಿಂಟ್ ಗಳಿಸಿರುತ್ತಾನೆ, ಸಾಕು. ಇಂಟೆಲಿಜೆನ್ಸ್ 8ಕ್ಕೆ ಇಳಿಸಿದ ಡ್ವಾರ್ಫ್ ಫೈಟರ್‌ಗೆ ಏಳಕ್ಕೆ ಸಿಗುವುದು 10 ಮಾತ್ರ. 14 ತಲುಪಲು ಹನ್ನೊಂದನೇ ಲೆವೆಲ್ ಆಗಬೇಕು. ಇಂಟೆಲಿಜೆನ್ಸ್ ಕಡಿಮೆ ಮಾಡಿ ಸ್ಟ್ರೆಂತ್ ಏರಿಸುವ ಹಳೆಯ ಅಭ್ಯಾಸ ಇಲ್ಲಿ ನಾಲ್ಕು ಲೆವೆಲ್ ತಿನ್ನುತ್ತದೆ.

ಇದಕ್ಕೊಂದು ಒಳದಾರಿ ಇದೆ. ಒಂದನೇ ಲೆವೆಲ್ ರೇಂಜರ್ ಆಗಿ. ರೇಂಜರ್‌ಗೆ ಹೈಡ್ ಸ್ವಂತ ಸ್ಕಿಲ್, ಇಂಟೆಲಿಜೆನ್ಸ್ 10 ಇದ್ದರೆ ಮೊದಲ ಲೆವೆಲ್‌ನಲ್ಲೇ 24 ಪಾಯಿಂಟ್. ಹೈಡ್ 4 ರ‍್ಯಾಂಕ್‌ಗೆ 4 ಪಾಯಿಂಟ್, ಧರ್ಮಜ್ಞಾನ 2 ರ‍್ಯಾಂಕ್‌ಗೆ 4 ಪಾಯಿಂಟ್. ಎರಡನೇ ಲೆವೆಲ್ ಫೈಟರ್ ಆಗಿ, ಸಿಕ್ಕ ಎರಡೂ ಪಾಯಿಂಟ್ ಹೈಡ್‌ಗೆ ಸುರಿದರೆ ಐದನೇ ರ‍್ಯಾಂಕ್ ಬಂತು. ಯಾವುದಾದರೂ ಒಂದು ಕ್ಲಾಸಿಗೆ ಅದು ಸ್ವಂತ ಸ್ಕಿಲ್ ಆಗಿದ್ದರೆ ಮಿತಿ ಅರ್ಧವಾಗುವುದಿಲ್ಲ, ಬೆಲೆ ಮಾತ್ರ ಆ ಲೆವೆಲ್‌ನ ಕ್ಲಾಸಿನದು. ಹೀಗೆ ಸ್ಕಿಲ್ ಕೆಲಸವೆಲ್ಲ ಎರಡನೇ ಲೆವೆಲ್‌ಗೇ ಮುಗಿದು, ರೇಂಜರ್ 1, ಫೈಟರ್ 5 ಆದ ಮೇಲೆ ಏಳನೇ ಲೆವೆಲ್‌ನಲ್ಲಿ ಪ್ರವೇಶ. ಕ್ರಮ ತಿರುಗಿಸಿ ಫೈಟರ್ ಮೊದಲಾದರೆ ನಾಲ್ಕು ಪಟ್ಟು ಪಾಯಿಂಟ್ ಸಿಗುವುದು ಫೈಟರ್‌ನ ಎರಡಕ್ಕೆ, ರೇಂಜರ್‌ನ ಆರಕ್ಕಲ್ಲ. ಎಲ್ಫ್ ಆಗಿ ಈ ದಾರಿ ಹಿಡಿದರೆ ಮೇಲೆ ಹೇಳಿದ ಶೇ. 20 ಕಡಿತ ಬೀಳುತ್ತದೆ.

ಒಂದು ಲೆವೆಲ್ ತಡವಾದರೆ ಏನು ಮಹಾ ಎನ್ನುವವರಿಗೆ ಕ್ಯಾಲೆಂಡರ್ ಲೆಕ್ಕ. ಏಳನೇ ಲೆವೆಲ್‌ಗೆ 21,000 ಎಕ್ಸ್‌ಪಿ, ಎಂಟಕ್ಕೆ 28,000. ನಾಲ್ವರ ಗುಂಪಿಗೆ ಸರಿಸಮದ ಕಾಳಗಗಳಾದರೆ ಒಂದು ಲೆವೆಲ್ ಏರಲು ಸುಮಾರು 13 ಕಾಳಗ ಬೇಕು. ಭಾನುವಾರ ಮೆಗಾ ಬ್ಲಾಕ್ ದಾಟಿ ಬಂದು ಕೂತು, ಮೂರು ಕಾಳಗ ಮುಗಿಸಿ ಎದ್ದರೂ, ಒಂದರಿಂದ ಏಳಕ್ಕೆ ಇಪ್ಪತ್ತಾರು ಇಪ್ಪತ್ತೇಳು ಭಾನುವಾರ. ಅಂದರೆ ಆರು ತಿಂಗಳು, ಯಾರೂ ಊರಿಗೆ ಹೋಗದಿದ್ದರೆ. ಎಂಟಕ್ಕೆ ಇನ್ನೂ ನಾಲ್ಕೈದು ವಾರ. ಅರ್ಧ ರ‍್ಯಾಂಕ್‌ನ ಬೆಲೆ ಒಂದು ತಿಂಗಳು.

ಔಟ್‌ಸೈಡರ್ ಭೇಟಿಯ ಷರತ್ತಿಗೆ ಡಿಎಂ ಸಹಾಯ ಬೇಕು. ಗುಂಪಿನ ಕ್ಲೆರಿಕ್ ಎರಡನೇ ಮಟ್ಟದ ಸಮನ್ ಮಾನ್‌ಸ್ಟರ್‌ನಿಂದ ಲೆಮ್ಯೂರ್ ಎಂಬ ಡೆವಿಲ್ ಒಂದನ್ನು ಕರೆಸಿ "ಭೇಟಿ ಆಯ್ತು" ಎನ್ನುವ ಉಪಾಯ ಹಲವರಿಗೆ ಹೊಳೆಯುತ್ತದೆ. ಲೆಮ್ಯೂರ್‌ಗೆ ಬುದ್ಧಿಯೇ ಇಲ್ಲ, ಮಾತು ಎಲ್ಲಿಂದ? ಜತೆಗೆ ಆ ಮಂತ್ರದ ಆಯುಸ್ಸು ಕೆಲವೇ ಸುತ್ತು. ಲೆಸ್ಸರ್ ಪ್ಲೇನಾರ್ ಆಲೈ ಅಥವಾ ಲೆಸ್ಸರ್ ಪ್ಲೇನಾರ್ ಬೈಂಡಿಂಗ್ ಮಂತ್ರ ಹಾಕಬಲ್ಲ ಮೂರನೆಯವರನ್ನು ಕಥೆಗೆ ತರುವುದು ಗೌರವದ ದಾರಿ. ಪುಸ್ತಕ ಇದನ್ನು ಒಂದೇ ಸಾಲಿನಲ್ಲಿ ಬಿಟ್ಟಿದ್ದು ಕೊರತೆ ಎನ್ನಲಾಗದು. ಪಟ್ಟಿಯಲ್ಲಿ ಕಥೆಯ ವಾಸನೆ ಇರುವ ಷರತ್ತು ಇದೊಂದೇ.

ಪತಿತ ಪ್ಯಾಲಡಿನ್‌ಗಳಿಗೆ ವಿಶೇಷ ಪಾಲು ಇದೆ. ಎಷ್ಟು ಪ್ಯಾಲಡಿನ್ ಲೆವೆಲ್ ಇತ್ತೋ ಅದಕ್ಕೆ ತಕ್ಕಂತೆ ಹೆಚ್ಚಿನ ಶಕ್ತಿಗಳು. ಹನ್ನೊಂದು ಅಥವಾ ಹೆಚ್ಚು ಲೆವೆಲ್ ಇದ್ದವನು ಒಂದಕ್ಕೊಂದರಂತೆ ಪ್ಯಾಲಡಿನ್ ಲೆವೆಲ್ ಕೊಟ್ಟು ಬ್ಲ್ಯಾಕ್‌ಗಾರ್ಡ್ ಲೆವೆಲ್ ಪಡೆಯಬಹುದು. ಆದರೆ ಹೈಡ್ 5 ರ‍್ಯಾಂಕ್ ಆಗಲೂ ಬೇಕು. ಶೀಲವಂತನಾಗಿದ್ದಾಗಲೇ ಅಡಗುವ ವಿದ್ಯೆ ಕಲಿತಿರಬೇಕು ಎಂಬುದು ವಿಚಿತ್ರ, ಆದರೂ ನಿಯಮ ನಿಯಮವೇ.

ಈಗ ಪುಸ್ತಕದ ಮೇಲಿನ ನಮ್ಮ ಮುಖ್ಯ ದೂರು: ನೈಟ್ ಇದ್ದಾನೆ, ಕುದುರೆ ಎಲ್ಲಿ? ಎಲ್ಡ್ರಿಚ್ ನೈಟ್‌ಗೆ ರೈಡ್ ಸ್ಕಿಲ್ ಇದೆ, ಕುದುರೆಗೆ ಸಂಬಂಧಿಸಿದ ಶಕ್ತಿ ಒಂದೂ ಇಲ್ಲ. ಬ್ಲ್ಯಾಕ್‌ಗಾರ್ಡ್‌ಗೆ ಐದನೇ ಲೆವೆಲ್‌ನಲ್ಲಿ ಸಿಗುವ ಸೇವಕ ಪ್ರಾಣಿಗಳ ಪಟ್ಟಿಯಲ್ಲಿ ಕುದುರೆ ಇದೆ, ಜತೆಗೆ ಬಾವಲಿ, ಕಪ್ಪೆಯೂ ಇವೆ. ಭರ್ಜಿ ಹಿಡಿದು ನುಗ್ಗುವ ನೈಟ್ ಬೇಕಾದವರಿಗೆ ಉತ್ತರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿದೆ, ಅದಕ್ಕೆ ಪ್ರೆಸ್ಟೀಜ್ ಕ್ಲಾಸೇ ಬೇಡ. ಮನುಷ್ಯ ಫೈಟರ್‌ಗೆ ಒಂದನೇ ಲೆವೆಲ್‌ನಲ್ಲಿ ಮೂರು ಫೀಟ್. ಮೌಂಟೆಡ್ ಕಾಂಬ್ಯಾಟ್, ರೈಡ್-ಬೈ ಅಟ್ಯಾಕ್, ಸ್ಪಿರಿಟೆಡ್ ಚಾರ್ಜ್. ಇಡೀ ಸಾಲಿಗೆ ಬೇಕಾದದ್ದು ರೈಡ್ 1 ರ‍್ಯಾಂಕ್. ಕುದುರೆ ಮೇಲಿಂದ ಭರ್ಜಿ ಹಿಡಿದು ನುಗ್ಗಿದರೆ ಏಟು ಮೂರು ಪಟ್ಟು, ಮೊದಲ ದಿನದಿಂದಲೇ.

ತೊಂದರೆ ದುಡ್ಡಿನದು. ಫೈಟರ್‌ನ ಆರಂಭದ ಚಿನ್ನ ಸರಾಸರಿ 150, ಹಗುರ ಯುದ್ಧಕುದುರೆಯ ಬೆಲೆಯೂ ಸರಿಯಾಗಿ 150. ಭಾರಿ ಕುದುರೆ 400. ಕುದುರೆ ಕೊಂಡರೆ ಭರ್ಜಿಗೆ ಬೇಕಾದ 10 ನಾಣ್ಯವೂ ಉಳಿಯುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. 75 ನಾಣ್ಯದ ಸಾದಾ ಕುದುರೆ ಕೊಂಡು ಕಾಳಗಕ್ಕೆ ಇಳಿದರೆ, ಅದನ್ನು ಹತೋಟಿಯಲ್ಲಿಡಲು ಪ್ರತಿ ಸುತ್ತೂ ರೈಡ್ ಡಿಸಿ 20, ಅಂದರೆ ದಾಳ ಮತ್ತು ಸ್ಕಿಲ್ ಸೇರಿ 20, ಮುಟ್ಟಬೇಕು. ಮೊದಲ ಎರಡು ಲೆವೆಲ್ ಕಾಲ್ನಡಿಗೆಯಲ್ಲಿ ಆಡಿ, ಲೂಟಿಯ ಪಾಲಿನಿಂದ ಯುದ್ಧಕುದುರೆ ಕೊಳ್ಳುವುದು ಸರಿ. 20 ನಾಣ್ಯದ ಮಿಲಿಟರಿ ಜೀನು ಮರೆಯಬೇಡಿ, ಬೀಳದೆ ಕೂರಲು +2 ಕೊಡುತ್ತದೆ.

ಪುಸ್ತಕ ತನ್ನ ಬೆಲೆ ಸಾರ್ಥಕ ಮಾಡಿಕೊಳ್ಳುವುದು ಬೇರೆ ಕಡೆ. ನಿಮ್ಮ ಲೋಕಕ್ಕೆ ತಕ್ಕ ಪ್ರೆಸ್ಟೀಜ್ ಕ್ಲಾಸ್ ನೀವೇ ಕಟ್ಟಿ ಎಂದು ಡಿಎಂಗೆ ಅದು ನೇರವಾಗಿ ಹೇಳುತ್ತದೆ. ಕನ್ನಡದವರಿಗೆ ಸರಕು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೊಯ್ಸಳರ ಗರುಡರು, ಅಂದರೆ ಅಂಗರಕ್ಷಕರು, ದೊರೆಯ ಜತೆಗೇ ಸಾಯುವ ವ್ರತ ತೊಟ್ಟವರು. ವೇಳೆವಾಳಿ ಎಂಬ ಮಾತೇ ಅದಕ್ಕಿದೆ. ಇಮ್ಮಡಿ ವೀರಬಲ್ಲಾಳನ ಗರುಡ ಕುವರ ಲಕ್ಷ್ಮನ ಸ್ಮಾರಕ ಕಂಬ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇಂದಿಗೂ ನಿಂತಿದೆ.

ಈ ಪುಸ್ತಕದ ಅಳತೆಗೋಲಿನಲ್ಲಿ "ಗರುಡ" ಎಂಬ ಕ್ಲಾಸ್ ಕಟ್ಟಿದರೆ ಷರತ್ತು ಹೀಗಿಡಬಹುದು: ಲಾಫುಲ್ ಸ್ವಭಾವ, ಬೇಸ್ ಅಟ್ಯಾಕ್ +5, ಸೆನ್ಸ್ ಮೋಟಿವ್ 4 ರ‍್ಯಾಂಕ್, ನಾಲೆಜ್ ನೊಬಿಲಿಟಿ 2 ರ‍್ಯಾಂಕ್, ಎಂಡ್ಯೂರೆನ್ಸ್ ಮತ್ತು ಡೈಹಾರ್ಡ್ ಫೀಟ್, ಒಬ್ಬ ಒಡೆಯನೆದುರು ಸಾಕ್ಷಿಗಳ ಮುಂದೆ ವೇಳೆ, ಅಂದರೆ ಜತೆಗೇ ಸಾಯುವ ಮಾತು, ಕೊಟ್ಟಿರಬೇಕು. ಪರೀಕ್ಷಿಸೋಣ. ಎರಡು ಸ್ಕಿಲ್‌ಗಳೂ ಪ್ಯಾಲಡಿನ್‌ಗೆ ಸ್ವಂತ, 6 ಪಾಯಿಂಟ್ ಸಾಕು. ಫೈಟರ್‌ಗೆ ಎರಡೂ ಕ್ರಾಸ್-ಕ್ಲಾಸ್, 12 ಪಾಯಿಂಟ್. ಐದನೇ ಲೆವೆಲ್‌ನಲ್ಲಿ ಮಿತಿ ಸರಿಯಾಗಿ 4, ಇಂಟೆಲಿಜೆನ್ಸ್ 10 ಇದ್ದರೆ ಕೈಯಲ್ಲಿ 16. ಇಬ್ಬರೂ ಆರನೇ ಲೆವೆಲ್‌ನಲ್ಲಿ ಬರಬಹುದು. ಹೈಡ್‌ನಂಥ ಅರ್ಧ ರ‍್ಯಾಂಕ್‌ನ ಕಿರಿಕಿರಿ ಇಲ್ಲ. ಆದರೆ ಆ ಎರಡು ಫೀಟ್‌ಗಳು ಫೈಟರ್‌ನ ಬೋನಸ್ ಪಟ್ಟಿಯಲ್ಲಿಲ್ಲ, ಒಂದು ಮತ್ತು ಮೂರನೇ ಲೆವೆಲ್‌ನ ಸಾಮಾನ್ಯ ಫೀಟ್‌ಗಳನ್ನೇ ಕೊಡಬೇಕು. ರೇಂಜರ್‌ಗೆ ಎಂಡ್ಯೂರೆನ್ಸ್ ಮೂರನೇ ಲೆವೆಲ್‌ನಲ್ಲಿ ಪುಕ್ಕಟೆ. ಸಂಖ್ಯೆಯ ಷರತ್ತು ಹಾಕುವ ಮುಂಚೆ ಮೂರ್ನಾಲ್ಕು ಕ್ಲಾಸ್‌ಗಳಿಂದ ಹೀಗೆ ಲೆಕ್ಕ ಮಾಡಿ ನೋಡದಿದ್ದರೆ, ನಿಮಗೇ ಗೊತ್ತಿಲ್ಲದೆ ಒಂದೇ ಕ್ಲಾಸಿಗೆ ಬಾಗಿಲು ತೆರೆದಿಟ್ಟಿರುತ್ತೀರಿ.

ಒಡೆಯನೇ ಸತ್ತರೆ ಗರುಡನ ಶಕ್ತಿ ಉಳಿಯುತ್ತದೆಯೇ? ಪ್ರವೇಶವಾದ ಮೇಲೆ ಅರ್ಹತೆ ಕಳೆದುಕೊಂಡರೆ ಏನು ಎಂಬುದಕ್ಕೆ ಡಿಎಂ ಗೈಡ್‌ನಲ್ಲಿ ಸಾಮಾನ್ಯ ನಿಯಮವಿಲ್ಲ. ಅದೇ 2003ರಲ್ಲಿ ಬಂದ ಕಂಪ್ಲೀಟ್ ವಾರಿಯರ್ ಪುಸ್ತಕ, ಅರ್ಹತೆ ಹೋದರೆ ಕ್ಲಾಸಿನ ಶಕ್ತಿಗಳೂ ಹೋಗುತ್ತವೆ ಎನ್ನುತ್ತದೆ. ಯಾವುದು ನಿಮ್ಮ ಮೇಜಿನ ನಿಯಮ ಎಂದು ಮೊದಲೇ ಹೇಳಿಬಿಡಿ, ಜಗಳ ತಪ್ಪುತ್ತದೆ.

ಪಕ್ಕದ ಅಂಗಡಿಯ ಸರಕಿನ ಮಾತು. 3.5ರ ನಿಯಮಗಳಿಂದಲೇ ಬೆಳೆದ ಪಾತ್‌ಫೈಂಡರ್ ಆಟದ 2009ರ ಮೂಲ ಪುಸ್ತಕ ಕ್ರಾಸ್-ಕ್ಲಾಸ್ ಜಂಜಾಟ ತೆಗೆದುಹಾಕಿತು, ರ‍್ಯಾಂಕ್ ಮಿತಿ ಲೆವೆಲ್‌ನಷ್ಟೇ. ಅಲ್ಲಿಯ ಎಲ್ಡ್ರಿಚ್ ನೈಟ್‌ಗೆ ಷರತ್ತು ಅದೇ, ಹಿಟ್ ಡೈ (ಹಿಟ್ ಪಾಯಿಂಟ್‌ಗೆ ಉರುಳಿಸುವ ದಾಳ) ಡಿ6 ಬದಲು ಡಿ10. ಆದರೆ ರೈಡ್‌ಗೆ ಕವಚದ ದಂಡ ಬೀಳುತ್ತದೆ, 3.5ರಲ್ಲಿ ಬೀಳುವುದಿಲ್ಲ. ಪಾತ್‌ಫೈಂಡರ್‌ನ ಬೇರೆ ಪುಸ್ತಕದಲ್ಲಿರುವ ಹೆಲ್‌ನೈಟ್ ಆಗಲು ತನಗಿಂತ ಹೆಚ್ಚು ಹಿಟ್ ಡೈಸ್‌ನ ಡೆವಿಲ್ ಒಂದನ್ನು ಕೊಂದಿರಬೇಕು, ಅದನ್ನು ಒಬ್ಬ ಹೆಲ್‌ನೈಟ್ ಕಣ್ಣಾರೆ ನೋಡಿರಬೇಕು. ನೈಟ್ ಷರತ್ತು ಎಂದರೆ ಹೀಗಿರಬೇಕು. 2014ರ ಐದನೇ ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಪ್ರೆಸ್ಟೀಜ್ ಕ್ಲಾಸೇ ಇಲ್ಲ, ಮೂರನೇ ಲೆವೆಲ್ ಫೈಟರ್ ನೇರವಾಗಿ ಎಲ್ಡ್ರಿಚ್ ನೈಟ್ ಆಗುತ್ತಾನೆ. ಸಲೀಸು, ಆದರೆ ಸಪ್ಪೆ.

ಕೊಳ್ಳುವವರಿಗೆ: ಇಲ್ಲಿ ಹೇಳಿದ ಎರಡೂ ಕ್ಲಾಸ್‌ಗಳ ನಿಯಮ ಓಪನ್ ಗೇಮ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯಡಿ ಎಸ್‌ಆರ್‌ಡಿ ಎಂಬ ನಿಯಮಸಂಗ್ರಹದಲ್ಲಿ ಪುಕ್ಕಟೆಯಾಗಿ, ಕಾನೂನುಬದ್ಧವಾಗಿ ಸಿಗುತ್ತವೆ. ಎಕ್ಸ್‌ಪಿ ಪಟ್ಟಿ ಅದರಲ್ಲಿಲ್ಲ. ಗುಂಪಿನಲ್ಲಿ ಡಿಎಂ ಬಳಿ ಒಂದು ಪುಸ್ತಕ, ಉಳಿದವರ ಫೋನಿನಲ್ಲಿ ಎಸ್‌ಆರ್‌ಡಿ ಇದ್ದರೆ ಸಾಕು. ಸೆಕೆಂಡ್ ಹ್ಯಾಂಡ್ ಪ್ರತಿ ನೋಡುವಾಗ 2000ದ 3.0 ಪುಸ್ತಕವನ್ನು 3.5 ಎಂದು ಕೈಗಿಡುವುದುಂಟು, ಹೊದಿಕೆ ನೋಡಲು ಹೆಚ್ಚೂಕಡಿಮೆ ಒಂದೇ ತರಹ. ಪ್ರೆಸ್ಟೀಜ್ ಕ್ಲಾಸ್‌ಗಳ ಪಟ್ಟಿ ತೆರೆಯಿರಿ. ಆರೇ ಕ್ಲಾಸ್ ಇದ್ದು, ಎಲ್ಡ್ರಿಚ್ ನೈಟ್ ಕಾಣದೆ, ಬ್ಲ್ಯಾಕ್‌ಗಾರ್ಡ್‌ನ ಫೀಟ್ ಬರೀ "ಸಂಡರ್" ಎಂದಿದ್ದರೆ ಅದು ಹಳೆಯದು, ವಾಪಸ್ ಇಟ್ಟುಬಿಡಿ.